ಕಳೆದುಹೋದ ಕಡಿವಾಣ

ಜೀವಕೋಶಗಳು ಮಿತಿಮೀರಿ ವೃದ್ಧಿಯಾಗುವುದೇ ಕ್ಯಾನ್ಸರ್ ಎಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಸಾಯಬೇಕಾದ ಕೋಶಗಳು ಸಾಯದೆ ಉಳಿದರೂ ಅದೇ ಅನರ್ಥವು ಸಂಭವಿಸುತ್ತದೆ. ಬಿಳಿಯ ರಕ್ತಕಣಗಳಿಗೆ ತಗಲುವ 'ದೀರ್ಘಕಾಲಿಕ ಲಿಂಫೊಸೈಟಿಕ್ ಲ್ಯುಕೇಮಿಯ' ಎಂಬ ಕ್ಯಾನ್ಸರ್ ಇದಕ್ಕೆ ಒಳ್ಳೆಯ ನಿದರ್ಶನ. ಅರ್ಧಕ್ಕಿಂತ ಹೆಚ್ಚು ಮಂದಿ ರೋಗಿಗಳ ಕ್ಯಾನ್ಸರ್ ಕೋಶಗಳಲ್ಲಿ 13ನೆಯ ವರ್ಣತಂತುವಿನ ಒಂದು ತುಣುಕು ಕಾಣೆಯಾಗಿರುತ್ತದೆ. ಆ ತುಣುಕಿನಲ್ಲಿ ಏನಿತ್ತು?

ಡಿ.ಎನ್.ಎ.ಯಲ್ಲಿ ಅಡಗಿರುವ ಆದೇಶವು ದೂತ ಆರ್.ಎನ್.ಎ. ಎಂಬ ನಕಲಾಗಿ ಹೊರಬರುತ್ತದೆ; ಆ ನಕಲಿಗೆ ಅನುಸಾರವಾಗಿ ಪ್ರೋಟೀನು ತಯಾರಾಗುತ್ತದೆ. ಆದುದರಿಂದ ಕಾಣೆಯಾದ ತುಣುಕಿನಲ್ಲಿಯೂ ಯಾವುದೋ ಪ್ರೋಟೀನಿನ ಆದೇಶವಿದ್ದಿರಬೇಕೆಂದು ಬಗೆದು ಸಂಶೋಧಕರು ವರ್ಷಗಟ್ಟಲೆ ಹುಡುಕಿದರು. ಫಲ ದೊರೆಯಲಿಲ್ಲ.

ಒಗಟನ್ನು ಬಿಡಿಸುವ ಸುಳಿವು ಬಂದುದು ಒಂದು ಹುಳುವಿನಿಂದ. ಸುಮಾರು 1 ಮಿಲಿಮೀಟರ್ ಉದ್ದದ ದುಂಡುಹುಳುವೊಂದರಲ್ಲಿ, ಪ್ರೋಟೀನನ್ನು ಹುಟ್ಟಿಸದ ಪುಟ್ಟ ಆರ್.ಎನ್.ಎ.ಯೊಂದಿರುವುದನ್ನು ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಅವರ ಸಂಗಡಿಗರು 1993ರಲ್ಲಿ ಪ್ರಕಟಿಸಿದರು. ಅದರ ಉದ್ದ ಸುಮಾರು 22 ನ್ಯೂಕ್ಲಿಯೊಟೈಡುಗಳು ಮಾತ್ರ. ಅದು ದೂತ ಆರ್.ಎನ್.ಎ.ಗೆ ಅಂಟಿಕೊಂಡು ಪ್ರೋಟೀನಿನ ತಯಾರಿಕೆಯನ್ನು ತಗ್ಗಿಸುತ್ತದೆಂಬುದು ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಅವರ ಪ್ರಯೋಗಗಳಿಂದ ತಿಳಿಯಿತು. ಟ್ರಾನ್ಸಿಸ್ಟರಿನಲ್ಲಿ ಅತ್ಯಲ್ಪ ವಿದ್ಯುತ್ಪ್ರವಾಹವೊಂದು ದೊಡ್ಡ ಪ್ರವಾಹವನ್ನು ಹತೋಟಿಯಲ್ಲಿಡುವುದಿಲ್ಲವೆ? ಇದೂ ಹಾಗೆಯೇ. ಇಂಥವುಗಳಿಗೆ ಸೂಕ್ಷ್ಮ ಆರ್.ಎನ್.ಎ. ಎಂದು ಹೆಸರು. ಈ ಶೋಧಕ್ಕಾಗಿ ಇವರಿಬ್ಬರಿಗೂ 2024ರ ನೊಬೆಲ್ ವೈದ್ಯಕೀಯ ಪಾರಿತೋಷಕ ಸಂದಿತು.

2002ರಲ್ಲಿ ಕಾರ್ಲೊ ಕ್ರೋಚೆಯವರ ತಂಡವು 13ನೆಯ ವರ್ಣತಂತುವಿನ ಅದೇ ಭಾಗದಲ್ಲಿ 'ಮಿರ್-15' ಮತ್ತು 'ಮಿರ್-16' ಎಂಬ ಎರಡು ಸೂಕ್ಷ್ಮ ಆರ್.ಎನ್.ಎ.ಗಳ ನೆಲೆಯನ್ನು ಗುರುತಿಸಿತು. ಅವು 'ಬಿಸಿಎಲ್-2' ಎಂಬ ಪ್ರೋಟೀನಿನ ತಯಾರಿಕೆಯನ್ನು ಅಡಗಿಸುತ್ತವೆಂದು 2005ರಲ್ಲಿ ಗೊತ್ತಾಯಿತು. ಕೋಶವನ್ನು ಸಾಯಗೊಡದಿರುವುದು ಬಿಸಿಎಲ್-2ರ ಕೆಲಸ. ಕಡಿವಾಣ ಕಳಚಿತೆಂದರೆ ಈ ಪ್ರೋಟೀನು ಹೆಚ್ಚುತ್ತದೆ. ಆಯುಸ್ಸು ತೀರಿದ ರಕ್ತಕಣವೂ ಬದುಕಿ ಉಳಿಯುತ್ತದೆ.

ಹಾಗೆಂದು ಎಲ್ಲ ಸೂಕ್ಷ್ಮ ಆರ್.ಎನ್.ಎ.ಗಳನ್ನೂ ರಕ್ಷಕರೆಂದು ಭಾವಿಸಲಾಗದು. ಅನೇಕ ಬಗೆಯ ಕ್ಯಾನ್ಸರ್ ಗಡ್ಡೆಗಳಲ್ಲಿ 'ಮಿರ್-21' ಅಧಿಕ ಪ್ರಮಾಣದಲ್ಲಿರುತ್ತದೆ. ಅದು ಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳನ್ನೇ ಅಡಗಿಸಿ ರೋಗಕ್ಕೆ ಒತ್ತಾಸೆಯಾಗುತ್ತದೆ.

ಬಿಸಿಎಲ್-2ನ್ನು ನೇರವಾಗಿ ಹಿಡಿದು ನಿಷ್ಕ್ರಿಯಗೊಳಿಸುವ ವೆನೆಟೊಕ್ಲಾಕ್ಸ್ ಎಂಬ ಔಷಧಕ್ಕೆ 2016ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಅದು ಸೂಕ್ಷ್ಮ ಆರ್.ಎನ್.ಎ.ಯ ಶೋಧದಿಂದ ಹುಟ್ಟಿದುದಲ್ಲ. ಆದರೂ ಕಡಿವಾಣ ಕಳೆದುಕೊಂಡ ಕೋಶವನ್ನು ಬೇರೊಂದು ಕಡೆಯಿಂದ ಹಿಡಿದು ನಿಲ್ಲಿಸಬಹುದೆಂಬುದಕ್ಕೆ ಅದು ಸಾಕ್ಷಿಯಾಗಿದೆ.