ಎಳೆ ಕಡಿದ ನುಡಿ: ‘ಥ್ರೆಡ್ಸ್’ ಚಿತ್ರದ ಲೋಕಾಂತ್ಯ ಕಥನ

ಲೋಕಾಂತ್ಯವನ್ನು ವಸ್ತುವಾಗುಳ್ಳ ಚಿತ್ರಗಳ ಚರ್ಚೆ ಸಾಮಾನ್ಯವಾಗಿ ದೃಶ್ಯವೈಭವದ ಸುತ್ತಲೇ ಸುಳಿಯುತ್ತದೆ. 1984ರ ಸೆಪ್ಟೆಂಬರ್ 23ರಂದು ಬಿಬಿಸಿ ಪ್ರಸಾರ ಮಾಡಿದ ‘ಥ್ರೆಡ್ಸ್’ ಈ ರೂಢಿಯನ್ನು ಮುರಿದದ್ದು ಭಾಷೆಯ ನೆಲೆಯಲ್ಲಿ ಎಂಬುದು ಪ್ರಸ್ತುತ ಲೇಖನದ ವಾದ.

ಬ್ಯಾರಿ ಹೈನ್ಸ್ ಬರೆದು ಮಿಕ್ ಜಾಕ್ಸನ್ ನಿರ್ದೇಶಿಸಿದ ಈ ಚಿತ್ರದ ನೆಲೆ ಇಂಗ್ಲೆಂಡಿನ ಉಕ್ಕಿನ ನಗರ ಶೆಫೀಲ್ಡ್. ಆರಂಭದಲ್ಲಿ ಜೇಡವೊಂದು ಬಲೆ ನೇಯುತ್ತದೆ. ನಗರಜೀವನವೂ ಪರಸ್ಪರ ಅವಲಂಬನೆಯ ಎಳೆಗಳಿಂದ ನೇಯ್ದದ್ದೆಂದು ನಿರೂಪಕ ಹೇಳುತ್ತಾನೆ. ರೂತ್ ಮತ್ತು ಜಿಮ್ಮಿ ಮದುವೆಯ ಸಿದ್ಧತೆಯಲ್ಲಿರುವಾಗಲೇ ಅಣ್ವಸ್ತ್ರ ದಾಳಿ ನಡೆಯುತ್ತದೆ. 1983ರಲ್ಲಿ ಅಮೆರಿಕದಲ್ಲಿ ಸುಮಾರು 10 ಕೋಟಿ ಜನ ನೋಡಿದ ‘ದ ಡೇ ಆಫ್ಟರ್’ ದಾಳಿಯ ನಂತರದ ಕೆಲವೇ ವಾರಗಳಲ್ಲಿ ನಿಲ್ಲುತ್ತದೆ. ‘ಥ್ರೆಡ್ಸ್’ ಹದಿಮೂರು ವರ್ಷ ಮುಂದುವರಿಯುತ್ತದೆ. ಅದರ ನಿಜವಾದ ಕಥೆ ಅಲ್ಲಿದೆ.

ದಾಳಿಯ ಅನಂತರ ಹುಟ್ಟಿದ ರೂತಳ ಮಗಳು ಜೇನ್ ಮತ್ತು ಅವಳ ಓರಗೆಯವರ ಮಾತು ಬಿಡಿಬಿಡಿ ನಾಮಪದ, ಕ್ರಿಯಾಪದಗಳಿಗೆ ಕುಗ್ಗಿದೆ. ಶಾಲೆಯೆಂಬ ಹಾಳು ಕೋಣೆಯಲ್ಲಿ ಸವೆದ ವಿಡಿಯೋ ಟೇಪೊಂದು ಓಡುತ್ತಿರುತ್ತದೆ. ಮಕ್ಕಳು ನಿರ್ಭಾವದಿಂದ ನೋಡುತ್ತಾರೆ. ರೂತ್ ಸಾಯುವಾಗ ಜೇನ್ ‘ಅಮ್ಮ’ ಎನ್ನುವುದಿಲ್ಲ, ಹೆಸರು ಹಿಡಿದು ಕೂಗಿ ಕೆಲಸಕ್ಕೆ ಏಳಲು ಹೇಳುತ್ತಾಳೆ. ಅವಳಲ್ಲಿ ಮರುಕವಿಲ್ಲವೋ, ಮರುಕಕ್ಕೆ ಪದವಿಲ್ಲವೋ ಎಂಬುದನ್ನು ಚಿತ್ರ ಬಿಡಿಸಿ ಹೇಳುವುದಿಲ್ಲ.

ಭಾಷಾಶಾಸ್ತ್ರದ ದೃಷ್ಟಿಯಿಂದ ಇದು ಪ್ರಶ್ನಾರ್ಹವೇ. ನಿಕರಾಗುವಾದ ಕಿವುಡ ಮಕ್ಕಳು 1970ರ ದಶಕದ ಕೊನೆಯಿಂದ ಶಾಲೆಗಳಲ್ಲಿ ಒಟ್ಟುಗೂಡಿದಾಗ ತಾವೇ ಹೊಸದೊಂದು ಸಂಜ್ಞಾಭಾಷೆಯನ್ನು ರೂಪಿಸಿಕೊಂಡರು. ಮಕ್ಕಳು ನುಡಿಯನ್ನು ಅಷ್ಟು ಸುಲಭವಾಗಿ ಕಳೆದುಕೊಳ್ಳುವವರಲ್ಲ. ಆದರೆ ಆ ಮಕ್ಕಳಿಗೆ ಪರಸ್ಪರ ಸಹವಾಸವಿತ್ತು, ಬಿಡುವಿತ್ತು. ‘ಥ್ರೆಡ್ಸ್’ನಲ್ಲಿ ಹಿರಿಯರೇ ಮೂಕರಾಗಿದ್ದಾರೆ, ಹಗಲೆಲ್ಲ ಹೊಲದ ದುಡಿಮೆ. ಆದ್ದರಿಂದ ಇದನ್ನು ಭಾಷಿಕ ಮುನ್ಸೂಚನೆಯೆಂದಲ್ಲ, ರೂಪಕವೆಂದು ಓದುವುದು ಸೂಕ್ತ.

ಇಂಥ ಚಿತ್ರಗಳಿಗೆ ಕನ್ನಡದಲ್ಲಿ ನಾವು ಸಲೀಸಾಗಿ ‘ಪ್ರಳಯ’ ಎಂಬ ಪದ ಬಳಸುತ್ತೇವೆ. ಅದು ಇಲ್ಲಿ ಹೊಂದುವುದಿಲ್ಲ. ಭಾಗವತದ ಮತ್ಸ್ಯಾವತಾರದಲ್ಲಿ ದೋಣಿಯೇರುವುದು ಬೀಜ, ಓಷಧಿ, ಋಷಿಗಳು. ಅಪಹೃತವಾದ ವೇದವೂ ಹಿಂದಿರುಗುತ್ತದೆ. ಅರ್ಥಾತ್, ಅಲ್ಲಿ ಮಾತು ಜಲಪ್ರಳಯವನ್ನು ದಾಟುತ್ತದೆ, ಮರುಸೃಷ್ಟಿ ಅದರಿಂದಲೇ ಸಾಧ್ಯವಾಗುತ್ತದೆ. ಶೆಫೀಲ್ಡಿನಲ್ಲಿ ಬೀಜ ಹೇಗೋ ಉಳಿದಿದೆ, ಮಾತು ಉಳಿದಿಲ್ಲ.

ಅಂತಿಮ ದೃಶ್ಯದಲ್ಲಿ ಜೇನ್ ಹೆರುತ್ತಾಳೆ. ಕೂಸು ಸತ್ತಿದೆ. ಅದನ್ನು ಕಂಡು ಅವಳ ಬಾಯಿ ತೆರೆಯುತ್ತದೆ. ದನಿ ಹೊರಡುವ ಮುನ್ನವೇ ಚಿತ್ರ ಸ್ತಬ್ಧವಾಗುತ್ತದೆ.