ದನಕ್ಕೆ ಬರುವ ಸರ್ರಾ ನಮಗೇಕೆ ಬರುವುದಿಲ್ಲ?

ಮಕ್ಕಳೇ, ದನಗಳ ಮೈಮೇಲೆ ಕುಳಿತು ರಕ್ತ ಹೀರುವ ದೊಡ್ಡ ನೊಣಗಳನ್ನು ನೀವು ನೋಡಿರಬಹುದು. ದನ ಬಾಲ ಬೀಸಿ ಓಡಿಸಿದರೂ ಅವು ಮತ್ತೆ ಬಂದು ಕೂರುತ್ತವೆ. ಇಂತಹ ನೊಣಗಳು ರೋಗವಿರುವ ಪ್ರಾಣಿಯಿಂದ ಇನ್ನೊಂದು ಪ್ರಾಣಿಗೆ ‘ಸರ್ರಾ’ ಎಂಬ ರೋಗವನ್ನು ಹರಡುತ್ತವೆ. ಈ ರೋಗ ಬಂದ ಕುದುರೆ, ಒಂಟೆ, ದನ, ಎಮ್ಮೆಗಳಿಗೆ ಜ್ವರ ಬರುತ್ತದೆ, ರಕ್ತ ಕಡಿಮೆಯಾಗುತ್ತದೆ, ಮೈ ಸೊರಗುತ್ತದೆ. ಈ ನೊಣಗಳು ಮನುಷ್ಯರನ್ನೂ ಕಚ್ಚುತ್ತವೆ. ಆದರೂ ಮನುಷ್ಯರಿಗೆ ಸರ್ರಾ ಬರುವುದು ತೀರಾ ಅಪರೂಪ. ಏಕಿರಬಹುದು?

ರೋಗ ತರುವ ಜೀವಿ ಯಾವುದು?

1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಅಂದಿನ ಪಂಜಾಬಿನಲ್ಲಿ ಕಾಯಿಲೆಬಿದ್ದ ಕುದುರೆ, ಒಂಟೆಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಅದರಲ್ಲಿ ಪುಟ್ಟ ಮೀನಿನಂತೆ ಬಳುಕುವ ಜೀವಿಗಳಿದ್ದವು. ಇವೇ ಟ್ರಿಪನೊಸೋಮಗಳು. ಇವು ಪ್ರೋಟೋಜೋವ ಗುಂಪಿನ ಏಕಕೋಶ ಜೀವಿಗಳು. ಸುಮಾರು 40 ಟ್ರಿಪನೊಸೋಮಗಳನ್ನು ಸಾಲಾಗಿ ಜೋಡಿಸಿದರೆ 1 ಮಿಲಿಮೀಟರ್ ಉದ್ದವಾಗುತ್ತದೆ! ಬೇರೆ ಜೀವಿಯ ದೇಹದಲ್ಲಿದ್ದು, ಅದರಿಂದಲೇ ಆಹಾರ ಪಡೆದು, ಅದಕ್ಕೇ ಕೇಡು ಮಾಡುವುದರಿಂದ ಇವುಗಳನ್ನು ಪರೋಪಜೀವಿಗಳು ಎನ್ನುತ್ತಾರೆ.

ಸೀರಂನ ಶಕ್ತಿ

ರಕ್ತವನ್ನು ಗಾಜಿನ ನಳಿಕೆಯಲ್ಲಿ ಅಲುಗಿಸದೆ ಇಟ್ಟರೆ ಅದು ಹೆಪ್ಪುಗಟ್ಟುತ್ತದೆ. ಆಗ ಬೇರ್ಪಡುವ ತಿಳಿಹಳದಿ ದ್ರವವೇ ಸೀರಂ. 1902ರಲ್ಲಿ ಫ್ರಾನ್ಸಿನ ಲ್ಯಾವರಾನ್ ಮತ್ತು ಮೆಸ್ನಿಲ್ ಎಂಬ ವಿಜ್ಞಾನಿಗಳು ಆಫ್ರಿಕದ ದನಗಳನ್ನು ಕಾಡುವ ಟ್ರಿಪನೊಸೋಮ ತಗುಲಿದ ಇಲಿಗಳಿಗೆ ಆರೋಗ್ಯವಂತ ಮನುಷ್ಯರ ಸೀರಂ ಚುಚ್ಚಿದರು. ಇಲಿಗಳ ರಕ್ತದಿಂದ ಪರೋಪಜೀವಿಗಳು ಮಾಯವಾದವು!

ಇದರ ಗುಟ್ಟು ತಿಳಿಯಲು ಒಂದು ಶತಮಾನವೇ ಹಿಡಿಯಿತು. ನಮ್ಮ ಸೀರಂನಲ್ಲಿ ‘ಎಪಿಒಎಲ್1’ ಎಂಬ ಪ್ರೋಟೀನ್ ಇದೆ. ಅದು ಕೊಬ್ಬಿನ ಸಣ್ಣ ಕಣಗಳ ಜೊತೆ ರಕ್ತದಲ್ಲಿ ತೇಲುತ್ತಿರುತ್ತದೆ. ಟ್ರಿಪನೊಸೋಮ ಆಹಾರವೆಂದು ಈ ಕಣಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಒಳಹೊಕ್ಕ ಪ್ರೋಟೀನ್ ಅದರ ಪೊರೆಗಳಲ್ಲಿ ರಂಧ್ರ ಕೊರೆಯುತ್ತದೆ. ಆ ರಂಧ್ರಗಳ ಮೂಲಕ ಲವಣ ಮತ್ತು ನೀರು ನುಗ್ಗಿ, ಟ್ರಿಪನೊಸೋಮ ಉಬ್ಬಿ ಸಾಯುತ್ತದೆ. ದನ, ಕುದುರೆ, ಇಲಿಗಳಲ್ಲಿ ಈ ಪ್ರೋಟೀನ್ ಇಲ್ಲ.

ಇದಕ್ಕೆ ಪುರಾವೆ ಏನು?

2004ರಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಒಬ್ಬ ರೈತನಿಗೆ ತಿಂಗಳುಗಟ್ಟಲೆ ಜ್ವರ ಬಂದು ಬಂದು ಹೋಗುತ್ತಿತ್ತು. ಪರೀಕ್ಷಿಸಿದಾಗ ಅವರ ರಕ್ತದಲ್ಲಿ ಸರ್ರಾದ ಟ್ರಿಪನೊಸೋಮಗಳು ಕಂಡವು. ವಿಜ್ಞಾನಿಗಳು ಅವರ ಸೀರಂ ಪರಿಶೀಲಿಸಿದರು. ಅದರಲ್ಲಿ ಎಪಿಒಎಲ್1 ಇರಲೇ ಇಲ್ಲ! ಆ ಪ್ರೋಟೀನ್ ತಯಾರಿಸುವ ಜೀನ್‌ನಲ್ಲಿ ಹುಟ್ಟಿನಿಂದಲೇ ದೋಷವಿತ್ತು. ಪ್ರಯೋಗಾಲಯದಲ್ಲಿ ಅವರ ಸೀರಂಗೆ ಆ ಪ್ರೋಟೀನನ್ನು ಸೇರಿಸಿದ ಕೂಡಲೇ ಅದಕ್ಕೆ ಟ್ರಿಪನೊಸೋಮಗಳನ್ನು ಕೊಲ್ಲುವ ಶಕ್ತಿ ಬಂತು. ಸುರಾಮಿನ್ ಎಂಬ ಔಷಧಿಯಿಂದ ಆ ರೈತರು ಗುಣಮುಖರಾದರು.

ಪರೋಪಜೀವಿಯೂ ಸುಮ್ಮನಿಲ್ಲ

ಆಫ್ರಿಕದಲ್ಲಿ ಟ್ಸೆಟ್ಸಿ ನೊಣ ಹರಡುವ ಎರಡು ಬಗೆಯ ಟ್ರಿಪನೊಸೋಮಗಳು ಈ ಕಾವಲನ್ನು ದಾಟಿ ಮನುಷ್ಯರಿಗೆ ‘ನಿದ್ರಾರೋಗ’ ತರುತ್ತವೆ. ಅವುಗಳಲ್ಲಿ ಒಂದು ಬಗೆಯದು ತನ್ನದೇ ಪ್ರೋಟೀನೊಂದನ್ನು ತಯಾರಿಸಿ ನಮ್ಮ ಎಪಿಒಎಲ್1ನ್ನು ಹಿಡಿದುಹಾಕುತ್ತದೆ. ಆದರೆ ಬಬೂನ್ ಎಂಬ ಕೋತಿಯ ಸೀರಂ ಇದನ್ನೂ ಕೊಲ್ಲಬಲ್ಲದು. 2009ರಲ್ಲಿ ವಿಜ್ಞಾನಿಗಳು ಬಬೂನಿನ ಈ ಜೀನನ್ನು ಇಲಿಗಳಿಗೆ ಸೇರಿಸಿದಾಗ ಆ ಇಲಿಗಳಿಗೂ ರಕ್ಷಣೆ ದೊರೆಯಿತು. ಮುಂದೊಂದು ದಿನ ದನಗಳನ್ನೂ ಹೀಗೆ ಕಾಪಾಡಬಹುದೇ ಎಂಬ ಯೋಚನೆ ಇದರಿಂದ ಹುಟ್ಟಿತು.

ನೆನಪಿಡಿ: ಈ ಪ್ರೋಟೀನ್ ಎಲ್ಲ ರೋಗಗಳಿಂದಲೂ ಕಾಯುವುದಿಲ್ಲ. ಮಲೇರಿಯ ತರುವುದೂ ಪ್ರೋಟೋಜೋವವೇ, ಆದರೆ ಅದು ನಮಗೆ ಬರುತ್ತದೆ. ಆದ್ದರಿಂದ ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ದನಕ್ಕೆ ಜ್ವರ ಬಂದು ಸೊರಗಿದರೆ ಪಶುವೈದ್ಯರಿಗೆ ತೋರಿಸಲು ಮನೆಯವರಿಗೆ ಹೇಳಿ. ಕೊಟ್ಟಿಗೆಯ ಸುತ್ತ ಸಗಣಿ, ಕೊಚ್ಚೆ ನಿಲ್ಲದಂತೆ ನೋಡಿಕೊಳ್ಳಿ.

ಯೋಚಿಸಿ, ಉತ್ತರಿಸಿ

1. ಸೀರಂ ಎಂದರೇನು?
2. ಚಂದ್ರಾಪುರದ ರೈತರ ಸೀರಂಗೆ ಎಪಿಒಎಲ್1 ಸೇರಿಸಿ ನೋಡದಿದ್ದರೆ, ರೋಗದ ಕಾರಣ ಅಷ್ಟು ಖಚಿತವಾಗುತ್ತಿತ್ತೇ? ಏಕೆ?