ಕಲಾವಿದರೂ ಕಟ್ಟುಕಥೆಗಳೂ

ಸಂಡೂರು ತಾಲ್ಲೂಕಿನ ಚೋರನೂರಿನಿಂದ ಹಂಪೆಗೆ ಪ್ರವಾಸ ಹೊರಡುವ ವಿದ್ಯಾರ್ಥಿಗಳು ಕಬ್ಬಿಣದ ಅದಿರಿನ ಕೆಂಪು ಬೆಟ್ಟಗಳನ್ನು ಹಿಂದಿಕ್ಕಿ, ಹೊಸಪೇಟೆಯನ್ನು ದಾಟಿ, ಕಡೆಗೆ ವಿಜಯವಿಠ್ಠಲ ದೇವಾಲಯದ ಮಹಾಮಂಟಪದ ಮುಂದೆ ನಿಲ್ಲುತ್ತಾರೆ. ಅಲ್ಲಿನ ಕಂಬಗಳ ರಚನೆ ವಿಚಿತ್ರವಾದುದು. ಒಂದೇ ಕಲ್ಲಿನಲ್ಲಿ ನಡುವೆ ದಪ್ಪನೆಯ ಕಂಬ, ಅದರ ಸುತ್ತ ಸಪೂರವಾದ ಕಿರುಗಂಬಗಳು. ಆ ಕಿರುಗಂಬಗಳನ್ನು ಬೆರಳಿನಿಂದ ತಟ್ಟಿದರೆ ನಾದ ಹೊರಡುತ್ತದೆ. ಕಲ್ಲು ಸವೆದು ಹಾಳಾಗಬಾರದೆಂದು ಈಗ ತಟ್ಟುವುದನ್ನು ನಿಷೇಧಿಸಲಾಗಿದೆ. ಆದರೆ ಅವುಗಳ ಕುರಿತ ಕಥೆಯನ್ನು ಕೇಳಲು ಯಾವ ನಿಷೇಧವೂ ಇಲ್ಲ. ನಾದದ ಗುಟ್ಟನ್ನು ತಿಳಿಯಬೇಕೆಂದು ಆಂಗ್ಲರು ಎರಡು ಕಂಬಗಳನ್ನು ಕತ್ತರಿಸಿ ನೋಡಿದರಂತೆ. ಒಳಗೆ ಏನೂ ಸಿಗಲಿಲ್ಲವಂತೆ. ಒಳಗೆ ಏನೂ ಇರಲಿಲ್ಲ ಎಂದರೆ ಗುಟ್ಟು ಇರಲಿಲ್ಲ ಎಂದಾಯಿತು. ಕೇಳಿದವರಾದರೋ ಗುಟ್ಟು ಇನ್ನೂ ಆಳದಲ್ಲಿದೆ ಎಂದೇ ನಂಬಿ ಮನೆಗೆ ಹಿಂತಿರುಗುತ್ತಾರೆ!

ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಕಂಬಗಳನ್ನು ಒಡೆಯದೆ, ಶ್ರವಣಾತೀತ ತರಂಗಗಳನ್ನು ಹಾಯಿಸಿ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಕಿರುಗಂಬಗಳು ಟೊಳ್ಳಲ್ಲ, ಗಟ್ಟಿ ಕಲ್ಲು. ತಟ್ಟಿದಾಗ ಅವು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಬಾಗಿ ಕಂಪಿಸುತ್ತವೆ; ಉದ್ದ, ದಪ್ಪಗಳಿಗೆ ತಕ್ಕಂತೆ ಸ್ವರ ಬದಲಾಗುತ್ತದೆ. ಬಳ್ಳಾರಿಯ ಸಮೀಪದ ಕುಪ್ಪಗಲ್ಲಿನ ಬೆಟ್ಟದಲ್ಲಿ ನವಶಿಲಾಯುಗದ ಜನ ಬಡಿದು ಬಡಿದು ಕುಳಿ ಬಿದ್ದಿರುವ ಕಪ್ಪು ಬಂಡೆಗಳಿವೆ. ಅವೂ ಜಾಗಟೆಯಂತೆ ನಾದಗೈಯುತ್ತವೆ. ಕಲ್ಲು ಹಾಡುವುದು ಈ ಸೀಮೆಗೆ ಹೊಸತಲ್ಲ. ಯಾವ ಕಲ್ಲನ್ನು ಎಷ್ಟು ಸಪೂರಗೊಳಿಸಿದರೆ ಯಾವ ಸ್ವರ ಬರುವುದೆಂದು ಕಿವಿಯಿಂದಲೇ ಅಳೆದ ಶಿಲ್ಪಿಗಳ ಅನುಭವವೇ ಇಲ್ಲಿನ ಗುಟ್ಟು. ಗುಪ್ತ ರಹಸ್ಯದ ಕಥೆ ಹೇಳುವಾಗ ಆ ಶಿಲ್ಪಿಗಳು ಮಾತ್ರ ನೆನಪಿಗೆ ಬರುವುದಿಲ್ಲ.

ಕಲ್ಲಿನ ಬಗೆಗೇ ಇಷ್ಟು ಕಥೆ ಹುಟ್ಟುವುದಾದರೆ ಜೀವಂತ ಕಲಾವಿದನ ಪಾಡೇನು?

ಇಟಲಿಯ ಜಿನೋವಾದಲ್ಲಿ 1782ರಲ್ಲಿ ಹುಟ್ಟಿದ ನಿಕೊಲೊ ಪಗನೀನಿ ಪಿಟೀಲುವಾದನದಲ್ಲಿ ಅಸಾಧಾರಣನೆನಿಸಿದ್ದ. ಬೇರೆಯವರು ನಾಲ್ಕು ತಂತಿಗಳ ಮೇಲೆ ನುಡಿಸಲು ತಿಣುಕುವುದನ್ನು ಅವನು ಒಂದೇ ತಂತಿಯ ಮೇಲೆ ನುಡಿಸಿ ತೋರಿಸುತ್ತಿದ್ದ. ಅವನದು ಬಡಕಲು ದೇಹ, ಬಿಳಚಿಕೊಂಡ ಮುಖ, ಬೇಕಾದತ್ತ ಬಾಗುವ ನೀಳ ಬೆರಳುಗಳು. ಕಥೆ ಕಟ್ಟಲು ಇಷ್ಟು ಸಾಮಗ್ರಿ ಸಾಲದೆ? ಅವನು ಸೈತಾನನಿಗೆ ತನ್ನ ಆತ್ಮವನ್ನು ಮಾರಿಕೊಂಡಿದ್ದಾನೆ ಎಂದರು. ಕೊಲೆ ಮಾಡಿ ಸೆರೆಮನೆ ಸೇರಿದ್ದ. ಅಲ್ಲಿ ಉಳಿದ ತಂತಿಗಳೆಲ್ಲ ಹರಿದುಹೋಗಿ ಒಂದೇ ತಂತಿ ಉಳಿದಿದ್ದರಿಂದ ಈ ವಿದ್ಯೆ ಕೈವಶವಾಯಿತು ಎಂದರು. ವಿಯೆನ್ನಾದ ಕಛೇರಿಯಲ್ಲಿ ಒಬ್ಬಾತ, ಸೈತಾನನು ಪಕ್ಕದಲ್ಲಿ ನಿಂತು ಪಗನೀನಿಯ ಕಮಾನನ್ನು ಆಡಿಸುತ್ತಿದ್ದುದನ್ನು ಕಣ್ಣಾರೆ ಕಂಡೆ ಎಂದನಂತೆ. ತಾನು ಮನುಷ್ಯರ ಮಗನೇ ಹೊರತು ಪಿಶಾಚಿಯ ಮಗನಲ್ಲವೆಂದು ತೋರಿಸಲು ಪಗನೀನಿ ತನ್ನ ತಾಯಿಯ ಕಾಗದವನ್ನೇ ಪ್ರಕಟಿಸಬೇಕಾಯಿತು. 1831ರಲ್ಲಿ ಪ್ಯಾರಿಸಿನ ಸಂಗೀತಪತ್ರಿಕೆಯೊಂದಕ್ಕೆ ಪತ್ರ ಬರೆದು ಅವನು ಲೆಕ್ಕವನ್ನೂ ಮುಂದಿಟ್ಟ: ಹುಡುಗನಾಗಿದ್ದಾಗಿನಿಂದ ತಾನು ಸಭೆಗಳಲ್ಲಿ ನುಡಿಸುತ್ತ ಬಂದಿರುವಾಗ, ಆ ಕೊಲೆಯೂ ಸೆರೆವಾಸವೂ ನಿಜವಾಗಿದ್ದರೆ ತಾನು ಕೊಲೆ ಮಾಡಿದ್ದು ಏಳನೆಯ ವಯಸ್ಸಿಗೂ ಮೊದಲೇ ಆಗಿರಬೇಕು! ಈ ಲೆಕ್ಕ ಯಾರಿಗೂ ರುಚಿಸಲಿಲ್ಲ. ನಿರಾಕರಿಸಿದಷ್ಟೂ ಸಂಶಯ ಹೆಚ್ಚಿತು. ತಪ್ಪಿಲ್ಲದವನು ಇಷ್ಟೊಂದು ಏಕೆ ಹೇಳಿಕೊಳ್ಳಬೇಕು ಎಂಬುದು ಜನರ ತರ್ಕ. ಸುಮ್ಮನಿದ್ದಿದ್ದರೆ ಮೌನವೇ ಒಪ್ಪಿಗೆಯೆನಿಸುತ್ತಿತ್ತು. ವದಂತಿಯ ಬಾಯಿಗೆ ಸಿಕ್ಕಿದವನಿಗೆ ಎರಡೂ ದಾರಿಗಳು ಮುಚ್ಚಿರುತ್ತವೆ.

ಮಗುವಾಗಿದ್ದಾಗ ಕಠಿಣನಾದ ತಂದೆಯ ಕಣ್ಗಾವಲಿನಲ್ಲಿ ಪಗನೀನಿ ದಿನವಿಡೀ ಪಿಟೀಲು ಹಿಡಿದು ಸಾಧನೆ ಮಾಡಬೇಕಾಗಿತ್ತು. ಅವನ ಬೆರಳುಗಳ ಅತಿಯಾದ ನಮ್ಯತೆಗೆ ಹುಟ್ಟಿನಿಂದ ಬಂದ ಯಾವುದೋ ದೇಹದೋಷ ಕಾರಣವಾಗಿರಬಹುದೆಂದು ಇತ್ತೀಚಿನ ವೈದ್ಯರು ಊಹಿಸಿದ್ದಾರೆ. ಸಾಧನೆ, ದೇಹಪ್ರಕೃತಿ, ಪ್ರತಿಭೆ ಇವು ಸಾಮಾನ್ಯ ಕಾರಣಗಳು. ಕೇಳಿದವರ ರೋಮ ನಿಮಿರುವುದಿಲ್ಲ. ಫಲ ದೊಡ್ಡದಾಗಿದ್ದರೆ ಕಾರಣವೂ ಅಷ್ಟೇ ಅದ್ಭುತವಾಗಿರಬೇಕೆಂದು ಮನಸ್ಸು ಹಟ ಹಿಡಿಯುತ್ತದೆ. ಅಷ್ಟೇ ಅಲ್ಲ, ಆತನ ವಿದ್ಯೆ ಸೈತಾನನ ವರವೆಂದುಕೊಂಡರೆ ತಾನು ಸಾಧನೆ ಮಾಡದೆ ಉಳಿದುದಕ್ಕೆ ಯಾರೂ ನಾಚಬೇಕಾಗಿಲ್ಲ. ಇಂಥ ಸಮಾಧಾನವನ್ನು ಬಿಟ್ಟುಕೊಡುವುದು ಸುಲಭವಲ್ಲ.

ಇದು ಬರಿಯ ಹರಟೆಯಾಗಿ ಮುಗಿಯಲಿಲ್ಲ. 1840ರಲ್ಲಿ ನೀಸ್ ನಗರದಲ್ಲಿ ಪಗನೀನಿ ತೀರಿಕೊಂಡಾಗ, ಕೊನೆಯ ಧಾರ್ಮಿಕ ಸಂಸ್ಕಾರವನ್ನು ಸ್ವೀಕರಿಸಿರಲಿಲ್ಲವೆಂದು ಅಲ್ಲಿನ ಬಿಷಪ್ಪರು ಪವಿತ್ರಭೂಮಿಯಲ್ಲಿ ಹೂಳಲು ಅನುಮತಿ ಕೊಡಲಿಲ್ಲ. ಸೈತಾನನ ಕಥೆಯಿಂದ ಆಗಲೇ ಹೆಸರು ಕೆಟ್ಟಿದ್ದವನ ಪರವಾಗಿ ವಾದಿಸುವುದು ಅವನ ಮಗನಿಗೆ ಎಷ್ಟು ಕಷ್ಟವಾಗಿರಬೇಕು! ಶವ ಊರಿಂದೂರಿಗೆ ಅಲೆಯಿತು. ಪಾರ್ಮಾದ ಸ್ಮಶಾನದಲ್ಲಿ ಅದಕ್ಕೆ ನೆಲೆ ದೊರೆತದ್ದು 1876ರಲ್ಲಿ, ಮೂವತ್ತಾರು ವರ್ಷಗಳ ಬಳಿಕ.

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎಂಬ ಗಾದೆಯನ್ನು ಇಂಥ ಸಂದರ್ಭದಲ್ಲಿ ಮುಂದೊಡ್ಡುವವರುಂಟು. ಒಮ್ಮೊಮ್ಮೆ ಬೆಂಕಿ ಇರುತ್ತದೆ, ಆದರೆ ಅದು ಬೀಡಿಯ ಕಿಡಿಯಷ್ಟೇ. ಮೊಜಾರ್ಟನು 1791ರ ಡಿಸೆಂಬರ್ 5ರಂದು, ಮೂವತ್ತೈದನೆಯ ವಯಸ್ಸಿನಲ್ಲಿ, ಜ್ವರದಿಂದ ತೀರಿಕೊಂಡ. ಆಗ ಅವನು ಮೃತರ ಶಾಂತಿಗಾಗಿ ಹಾಡುವ ಸಂಗೀತಕೃತಿಯೊಂದನ್ನು ರಚಿಸುತ್ತಿದ್ದ. ಅದನ್ನು ಬರೆಸಿದವನು ತನ್ನ ಹೆಸರನ್ನೇ ತಿಳಿಸಿರಲಿಲ್ಲ. ರೋಗದಲ್ಲಿ ನರಳುತ್ತಿದ್ದ ಮೊಜಾರ್ಟನಿಗೆ ತನಗೆ ಯಾರೋ ವಿಷವಿಕ್ಕಿರಬೇಕೆಂಬ ಶಂಕೆಯೂ ಮೂಡಿತ್ತು. ಗುಟ್ಟು ನಿಜವಾಗಿಯೂ ಇತ್ತು. ಆದರೆ ಅದು ಅಲ್ಪವಾದದ್ದು. ವಾಲ್ಸೆಗ್ ಎಂಬ ಶ್ರೀಮಂತ ತೀರಿಹೋದ ತನ್ನ ಹೆಂಡತಿಗಾಗಿ ಅದನ್ನು ಬರೆಸಿ, ತಾನೇ ರಚಿಸಿದೆನೆಂದು ಹೇಳಿಕೊಳ್ಳಬೇಕೆಂದಿದ್ದ. ಈ ಸಣ್ಣತನವನ್ನು ಅರಿಯದ ಲೋಕ ದೊಡ್ಡ ಒಳಸಂಚನ್ನೇ ಕಲ್ಪಿಸಿತು. ವಿಷವಿಕ್ಕಿದವನು ಆಸ್ಥಾನ ಸಂಗೀತಗಾರ ಸಾಲಿಯೇರಿ ಎಂದಿತು.

ಸಾಲಿಯೇರಿಗೆ ಹೊಟ್ಟೆಕಿಚ್ಚು ಪಡಲು ಕಾರಣವೇ ಕಡಮೆ. ಪದವಿಯಲ್ಲಿಯೂ ಸಂಪಾದನೆಯಲ್ಲಿಯೂ ಅವನೇ ಮೇಲಿದ್ದ. 1785ರಲ್ಲಿ ಇಬ್ಬರೂ ಒಂದೇ ಗೀತಕ್ಕೆ ಕೂಡಿ ಸಂಗೀತ ಹಾಕಿದ್ದರು. ಕಳೆದುಹೋಯಿತೆಂದುಕೊಂಡಿದ್ದ ಆ ಕೃತಿ 2015ರಲ್ಲಿ ಪ್ರಾಗ್ ನಗರದ ಸಂಗ್ರಹಾಲಯದಲ್ಲಿ ಮತ್ತೆ ಸಿಕ್ಕಿತು. ಬೀಥೋವನ್, ಶೂಬರ್ಟರಿಗೆ ಪಾಠ ಹೇಳಿದ ಆ ಗುರು, ಮೊಜಾರ್ಟನ ಕಿರಿಯ ಮಗನಿಗೂ ಪಾಠ ಹೇಳಿದ. ಗಂಡನನ್ನು ಕೊಂದವನೆಂಬ ಶಂಕೆಯಿದ್ದರೆ ಯಾವ ತಾಯಿ ಮಗನನ್ನು ಅವನ ಬಳಿಗೆ ಕಳುಹಿಸುತ್ತಾಳೆ? ಮುಪ್ಪಿನಲ್ಲಿ ಬುದ್ಧಿಭ್ರಮಣೆಯಾಗಿ ಆಸ್ಪತ್ರೆಯಲ್ಲಿದ್ದಾಗ ಅವನು ತಪ್ಪೊಪ್ಪಿಕೊಂಡನೆಂದು ಸುದ್ದಿ ಹಬ್ಬಿತು. ಅವನನ್ನು ಹಗಲಿರುಳು ನೋಡಿಕೊಂಡಿದ್ದ ಇಬ್ಬರು ಪರಿಚಾರಕರು, ಅಂಥ ಮಾತನ್ನು ಎಂದೂ ಕೇಳಿಲ್ಲವೆಂದು ಬರೆದುಕೊಟ್ಟರು. ಆದರೂ 1830ರಲ್ಲಿ ರಷ್ಯದ ಮಹಾಕವಿ ಪುಷ್ಕಿನ್ ಇದನ್ನೇ ನಾಟಕವಾಗಿಸಿದ. 1979ರಲ್ಲಿ ಇಂಗ್ಲೆಂಡಿನಲ್ಲೂ ಒಂದು ನಾಟಕ ಬಂತು, 1984ರಲ್ಲಿ ಅದು ಚಲನಚಿತ್ರವಾಯಿತು. ಪರಿಚಾರಕರ ಕಾಗದವನ್ನು ಓದಿದವರೆಷ್ಟು ಮಂದಿ, ಚಿತ್ರವನ್ನು ನೋಡಿದವರೆಷ್ಟು ಮಂದಿ!

ಬೀಟಲ್ಸ್ ಎಂಬ ಆಂಗ್ಲ ಗಾಯಕರ ತಂಡದ ಪಾಲ್ ಮೆಕಾರ್ಟ್ನಿ ಸತ್ತಿದ್ದಾನೆ, ಅವನಂತೆ ಕಾಣುವ ಬೇರೊಬ್ಬ ಹಾಡುತ್ತಿದ್ದಾನೆ ಎಂಬ ಸುದ್ದಿ 1969ರಲ್ಲಿ ಅಮೆರಿಕವನ್ನೆಲ್ಲ ಸುತ್ತಿತು. ಧ್ವನಿಮುದ್ರಿಕೆಯ ಹೊದಿಕೆಯ ಚಿತ್ರದಲ್ಲಿ ಅವನು ಬರಿಗಾಲಿನಲ್ಲಿ ನಡೆಯುತ್ತಿದ್ದುದೇ ಸಾಕ್ಷಿ. ಬರಿಗಾಲು ಸಾವಿನ ಗುರುತಾದರೆ ನಮ್ಮ ಹಳ್ಳಿಗಳ ಗತಿಯೇನು! ಅದೇ ವರ್ಷದ ನವೆಂಬರಿನಲ್ಲಿ ಪತ್ರಿಕೆಯೊಂದು ಅವನ ಮನೆಗೇ ಹೋಗಿ ಮಾತನಾಡಿಸಿ, ಬದುಕಿದ್ದಾನೆಂದು ಮುಖಪುಟದಲ್ಲಿ ಸಾರಿತು. ಅವನು ಆಮೇಲೆ ಅರ್ಧ ಶತಮಾನಕ್ಕೂ ಮಿಕ್ಕಿ ಹಾಡಿದ. ಈ ಕಥೆ ಕಟ್ಟಿದವರು ಅವನ ವೈರಿಗಳಲ್ಲ, ಅಭಿಮಾನಿಗಳು. ಹುಡುಕುವ ಕಣ್ಣಿಗೆ ಗುರುತುಗಳು ಎಲ್ಲೆಲ್ಲೂ ಸಿಗುತ್ತವೆ. ಸಿಕ್ಕ ಗುರುತನ್ನು ಗೆಳೆಯನಿಗೆ ತೋರಿಸುವಾಗ ತಾನು ಬುದ್ಧಿವಂತನೆಂಬ ಹಿಗ್ಗೂ ಜೊತೆಗಿರುತ್ತದೆ.

ಭಾರತದಲ್ಲಿ ಗ್ರಾಮೊಫೋನು ಬಂದಾಗ ಹುಟ್ಟಿದ ಭಯ ಬೇರೆ ಬಗೆಯದು. ಆ ಯಂತ್ರದೊಳಗೆ ಹಾಡಿದವರ ಕಂಠವನ್ನು ಅದು ಹೀರಿಬಿಡುತ್ತದೆಂದು ಹೆಸರಾಂತ ಗಾಯಕರೇ ಹಿಂಜರಿದರು. ಮನುಷ್ಯನಿಲ್ಲದೆ ದನಿಯೊಂದೇ ಕೇಳಿಬರುವುದನ್ನು ಮೊದಲ ಬಾರಿಗೆ ಕಂಡವರು ಹೀಗೆ ಯೋಚಿಸಿದ್ದು ಸಹಜವೇ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಧೈರ್ಯವಾಗಿ ಅದರ ಕೊಳವೆಯ ಮುಂದೆ ನಿಂತು ಹಾಡಿದರು. ಹಾಡು ಮುಗಿದ ಕೂಡಲೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಅದು ಮಂತ್ರವೂ ಅಲ್ಲ, ಜಂಬವೂ ಅಲ್ಲ. ಜರ್ಮನಿಯ ಕಾರ್ಖಾನೆಯಲ್ಲಿ ತಟ್ಟೆಗಳನ್ನು ಅಚ್ಚು ಹಾಕುವವರಿಗೆ ಗುರುತು ಸಿಗಲೆಂದು ಮಾಡಿದ ಏರ್ಪಾಡು. ನೂರಾರು ಮುದ್ರಿಕೆಗಳಾದರೂ ಅವರ ಕಂಠ ಉಡುಗಲಿಲ್ಲ. 1928ರಲ್ಲಿ ಅವರು ಮೈಸೂರು ಅರಮನೆಯ ಆಸ್ಥಾನಗಾಯಕಿಯಾದರು; 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಅಂಜಿ ಹಿಂದೆ ಸರಿದ ಗಾಯಕರ ಕಂಠವಾದರೋ ಅವರೊಡನೆಯೇ ಮಣ್ಣಾಯಿತು. ಯಂತ್ರ ಕಸಿಯದ ದನಿಯನ್ನು ಕಟ್ಟುಕಥೆ ಕಸಿದುಕೊಂಡಿತು.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರಿಗೆ ಯೌವನದಲ್ಲಿಯೇ ಕ್ಷಯರೋಗ ತಗುಲಿ, ವರ್ಷಗಟ್ಟಲೆ ಹಾಡುವಂತಿರಲಿಲ್ಲ. 1953ರಲ್ಲಿ ಅವರು ಮತ್ತೆ ವೇದಿಕೆ ಏರಿದ್ದನ್ನು ಪವಾಡವೆಂದುಬಿಡುವುದು ಸುಲಭ. ಅಲ್ಲಿ ಕೆಲಸ ಮಾಡಿದ್ದು ಆಗಷ್ಟೇ ಬಳಕೆಗೆ ಬಂದಿದ್ದ ಸ್ಟ್ರೆಪ್ಟೊಮೈಸಿನ್ ಔಷಧ, ಮನೆಯವರ ಶುಶ್ರೂಷೆ ಮತ್ತು ಹಾಸಿಗೆಯಲ್ಲಿ ಮಲಗಿದ್ದಾಗಲೂ ಮಾಳವದ ಜನಪದ ಹಾಡುಗಳಿಗೆ ಕಿವಿಗೊಟ್ಟಿದ್ದ ಅವರ ಮನಸ್ಸು.

ಗಂಗೂಬಾಯಿ ಹಾನಗಲ್ಲರ ದನಿಯನ್ನು ಬಾನುಲಿಯಲ್ಲಿ ಕೇಳಿ ಹಾಡುತ್ತಿರುವುದು ಗಂಡಸೆಂದು ತಿಳಿದವರಿದ್ದರು. ಗಾಂಧಾರಿ ಹಾನಗಲ್ ಎಂಬ ಹೆಸರಿನಲ್ಲಿ ಬಂದ ಮೊದಲ ಮುದ್ರಿಕೆಗಳಲ್ಲಿ ಅವರದು ತೆಳುವಾದ, ಎತ್ತರದ ಕಂಠ. ಗಂಟಲಿನ ಬೇನೆಗೆ ಚಿಕಿತ್ಸೆಯಾದ ಮೇಲೆ ಅದು ಗಡುಸಾಯಿತು. ಅವರು ಆ ಗಡಸುತನವನ್ನು ಮರೆಮಾಚಲಿಲ್ಲ. ಅದಕ್ಕೊಪ್ಪುವ ಗಾಯನವನ್ನು ಬೆಳೆಸಿಕೊಂಡರು. ಹಾಡುವ ಹೆಣ್ಣೆಂದು ಧಾರವಾಡದ ಬೀದಿಗಳಲ್ಲಿ ಮೂದಲಿಕೆ ಕೇಳಿದ್ದ ಅವರು ಸವಾಯಿ ಗಂಧರ್ವರ ಬಳಿ ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಗುರುಗಳು ಒಂದೇ ರಾಗವನ್ನು ತಿಂಗಳುಗಟ್ಟಲೆ ಹಾಡಿಸುತ್ತಿದ್ದರು. ಒಂದು ಸ್ವರ ಸರಿಯಾಗಿ ನಿಲ್ಲುವವರೆಗೆ ಮುಂದಿನದಕ್ಕೆ ಹೋಗುವಂತಿರಲಿಲ್ಲ. ಪಾಠ ಮುಗಿದು, ಕತ್ತಲಾದ ಮೇಲೆ ರೈಲು ಹಿಡಿದು ಮನೆ ಸೇರಿ, ಮರುದಿನ ಮತ್ತೆ ಅದೇ ಸ್ವರ.